ಹಲಸೂರಿನಲ್ಲಿ ಶಾಖೆ ತೆರೆದದ್ದು

ನಾಡಿನ ಊರೂರಲ್ಲೂ ನಮ್ಮ ಸ್ವಯಂಸೇವಕರ ಸಂಘದ ಶಾಖೆಗಳು ಹುಟ್ಟುತ್ತಿದ್ದ ಕಾಲ. "ಸಂಜೆಯೊಳಗೆ ಹಲಸೂರಲ್ಲಿ ಶಾಖೆ ತೆರೀದಿದ್ರೆ ಗಂಟುಮೂಟೆ ಕಟ್ಕೊಂಡು ಊರಿಗೆ ಹೋಗ್ತೀನಿ" ಅಂತ ಅಧ್ಯಕ್ಷರ ಮುಂದೆ ಎದೆ ತಟ್ಟಿ ಹೊರಟೆ. ನಮ್ಮ ಹಳ್ಳೀಲಿ ಒಬ್ಬ ಕೆಲಸಕ್ಕೆ ಕೈ ಹಚ್ಚಿದರೆ ಸಾಕು, ನೋಡುತ್ತಾ ನಿಂತವರು ನಾಚಿಕೊಂಡು ತಾವೂ ಸೇರುತ್ತಾರೆ. ಅದಕ್ಕೇ ಬೀದಿ ನಲ್ಲಿಯ ಹತ್ತಿರವಿದ್ದ ಅಜ್ಜಿಯೊಬ್ಬರ ಕೊಡ ಹೊತ್ತು ಮನೆ ಮುಟ್ಟಿಸಿದೆ. ತಿರುಗಿ ನೋಡಿದರೆ ಇಡೀ ಬೀದಿಯೇ ಬಂದಿತ್ತು, ಖಾಲಿ ಕೊಡ ಹಿಡಿದುಕೊಂಡು!

"ಅಜ್ಜೀ, ನಿಮ್ಮ ಮೊಮ್ಮಕ್ಕಳನ್ನೂ ಸಂಘಕ್ಕೆ ಕಳಿಸಿ" ಎಂದೆ.

"ಅವರ್ಯಾಕಪ್ಪಾ? ಒಳ್ಳೆ ಎತ್ತಿನ ಹಾಗಿದ್ದೀಯ, ನೀನೊಬ್ಬನೇ ಸಾಕು!"

ಸಂಜೆ ಅಧ್ಯಕ್ಷರಿಗೆ ವರದಿ ಒಪ್ಪಿಸಿದೆ: ಶಾಖೆ ಶುರುವಾಗಿದೆ, ಬೀದಿಯವರೆಲ್ಲ ಒಮ್ಮತದಿಂದ ಒಬ್ಬ ಸ್ವಯಂಸೇವಕನನ್ನು ಆರಿಸಿದ್ದಾರೆ. ಪಾಪ, ಅಧ್ಯಕ್ಷರಿಗೇ ಅಷ್ಟು ಮತ ಬಿದ್ದಿರಲಿಲ್ಲ.