ಹಿಡಿಸೂಡಿಯ ಟೀಚರು

ನರಿಕೊಂಬಿನ ಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದುದು ಐದನೆಯ ತರಗತಿಗೆ, ಟೀಚರು ನಾಲ್ಕನೆಯದಕ್ಕೆ. ನಡುವೆ ಅರ್ಧಗೋಡೆ ಮಾತ್ರ. ಎಪ್ಪತ್ತರ ದಶಕದ ಕೊನೆಯ ಮಾತು. ಟೀಚರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀಮೆಸುಣ್ಣವನ್ನು ಕಿವಿಯ ಮೇಲಿಟ್ಟುಕೊಂಡೇ ಪಾಠ ಶುರುಮಾಡುತ್ತಿದ್ದರು.

ನನ್ನ ತರಗತಿಯ ಮಕ್ಕಳು ಕೈಕಟ್ಟಿ ಕೂರಬೇಕು. ಅವರ ತರಗತಿಯಲ್ಲಿ ಒಬ್ಬಳು ಹುಡುಗಿ ಮಾತ್ರ ಕಿಟಕಿಯ ಬಳಿ ನಿಂತು, ಕಸ ಗುಡಿಸುವ ಹಿಡಿಸೂಡಿಗೆಂದು ತೆಂಗಿನ ಮಡಲಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು. ಕೂರಿಸಿದರೆ ಅವಳ ಗಮನ ಹಾರುವ ಕಾಗೆಯ ಹಿಂದೆ ಹೋಗುತ್ತಿತ್ತು. ಇದೇನೆಂದು ನಾನು ಕೇಳಿದಾಗಲೆಲ್ಲ ಟೀಚರದು ಒಂದೇ ಉತ್ತರ: “ಕೈಗೆ ಕೆಲಸ ಉಂಟಾದರೆ ಕಿವಿ ಇಲ್ಲೇ ಇರ್ತದೆ ಮಾಷ್ಟ್ರೇ.”

ಒಂದು ದಿನ ಹುಡುಗಿಯ ತಾಯಿ ಅವಳನ್ನು ಶಾಲೆ ಬಿಡಿಸಲು ಬಂದರು.

“ಇವಳ ತಲೆಗೆ ಏನೂ ಹೋಗುವುದಿಲ್ಲ ಟೀಚರೇ. ಬೀಡಿ ಕಟ್ಟಲಿಕ್ಕಾದರೂ ಕಲಿಯಲಿ.”

“ಅದಕ್ಕೆ ಕೂರ್ತಾಳಾ?”

“ಎಲ್ಲಿ ಕೂರುವುದು. ಮೊರದಲ್ಲಿಟ್ಟ ಬೀಡಿ ಎಲೆಯೆಲ್ಲ ಅಂಗಳದಲ್ಲಿ.”

“ಹಾಗಾದರೆ ಈ ಪಾಠ ಮುಗಿಯುವವರೆಗೆ ನೀವು ಕೂತ್ಕೊಳ್ಳಿ.”

ತಾಯಿ ಹಿಂದಿನ ಬೆಂಚಿನಲ್ಲಿ ಕುಳಿತು ಮಗಳನ್ನೇ ನೋಡಿದರು. ಟೀಚರು ನೇತ್ರಾವತಿ ನದಿಯ ಪಾಠ ಮಾಡಿದರು. ಹುಡುಗಿ ಒಮ್ಮೆಯೂ ಕರಿಹಲಗೆಯತ್ತ ನೋಡಲಿಲ್ಲ. ಕೊನೆಗೆ ಟೀಚರು, ಈ ನದಿಗೆ ಕುಮಾರಧಾರೆ ಸೇರುವುದು ಎಲ್ಲಿ ಎಂದು ಕೇಳಿದರು. ಕೈಕಟ್ಟಿ ಕುಳಿತವರು ಯಾರೂ ಬಾಯಿ ಬಿಡಲಿಲ್ಲ.

“ಉಪ್ಪಿನಂಗಡಿಯಲ್ಲಿ,” ಎಂದಳು ಹುಡುಗಿ, ಮಡಲಿನಿಂದ ತಲೆ ಎತ್ತದೆ. “ಮತ್ತೆ ಎರಡೂ ಒಟ್ಟಿಗೆ ನಮ್ಮ ಮನೆಯೆದುರು ಹೋಗ್ತವೆ.”

ತಾಯಿ ಎದ್ದು ಮಗಳ ಬಳಿಗೆ ಹೋದರು. ಅವಳ ಕೈಯಲ್ಲಿದ್ದ ಮಡಲನ್ನು ಮುಟ್ಟಿ ನೋಡಿದರು.

“ಇದು ಒಣಗಿದೆ ಟೀಚರೇ,” ಎಂದರು. “ನಾಳೆ ಹಸಿ ಮಡಲು ಇವಳ ಕೈಯಲ್ಲೇ ಕಳಿಸ್ತೇನೆ.”