ಕಳ್ಳಾಟಕ್ಕೂ ಒಂದು ಜಾಗ

ಅವ್ವ ಮತ್ತು ದೊಡ್ಡವ್ವ ಫೋನಿನಲ್ಲಿ ಮಾತಾಡಿದರೆ ಇಬ್ಬರು ಗುಮಾಸ್ತರು ಕಚೇರಿ ಕೆಲಸ ಮುಗಿಸಿದ ಹಾಗಿರುತ್ತಿತ್ತು. “ಉಂಡ್ಯಾ?” “ಉಂಡೆ ಕಣಕ್ಕ.” “ಏನ್ ಸಾರು?” “ಸೊಪ್ಪಿನ್ ಸಾರು.” “ಸರಿ, ಮಡಗ್ಲಾ?” ಅಲ್ಲಿಗೆ ಮುಗಿಯಿತು. ಆಮೇಲೆ ಅವ್ವ ಫೋನನ್ನು ದಿಂಬಿನ ಪಕ್ಕ ಇಟ್ಟು ಗೋಡೆ ನೋಡುತ್ತಾ ಮಲಗುತ್ತಿದ್ದಳು.

ಅಕ್ಕತಂಗಿಯರಿಬ್ಬರೂ ತಿ. ನರಸೀಪುರದಲ್ಲಿ ಒಂದೇ ಬೀದಿಗೆ ಸೊಸೆಯರಾಗಿ ಬಂದವರು. ಮಧ್ಯಾಹ್ನ ಮುಸುರೆ ತೊಳೆದಾದ ಮೇಲೆ ದೊಡ್ಡವ್ವನ ಜಗಲಿಯಲ್ಲಿ ಕೂತು ಚೌಕಾಬಾರ ಆಡುವುದು ಅವರ ಕಾಯಂ ಕಾರ್ಯಕ್ರಮ. ಸೀಮೆಸುಣ್ಣದಲ್ಲಿ ಗೀಚಿದ ಐದೈದು ಮನೆ, ನಾಲ್ಕು ಕವಡೆ, ಅವ್ವನ ಕಾಯಿಗೆ ಹುಣಸೆಬೀಜ, ದೊಡ್ಡವ್ವನದಕ್ಕೆ ಬಳೆಚೂರು. ನಾನು ಅಲ್ಲೇ ಕೂತು ಹೋಮ್‌ವರ್ಕ್ ಮಾಡಿ ಬೆಳೆದವಳು. ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಅವಳನ್ನು ನಂಜನಗೂಡಿಗೆ ಕರೆತಂದೆ. ಇಲ್ಲಿ ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಸೊಂಟ ಕೂಡಿಕೊಂಡಿತು, ಕೋಲು ಹಿಡಿದು ಓಡಾಡುವುದೂ ಆಯಿತು. ಆದರೆ ಬಸ್ಸು ಹತ್ತುವುದು ಅವ್ವನಿಂದ ಆಗದು. ದೊಡ್ಡವ್ವನ ಮಂಡಿಯಂತೂ ಅವಳ ಸ್ವಂತ ಮನೆಯ ಮೆಟ್ಟಿಲನ್ನೇ ಒಪ್ಪುತ್ತಿರಲಿಲ್ಲ. ಗಂಟೆ ದಾರಿಯ ಎರಡು ಊರುಗಳು ಅಮೆರಿಕಾ, ಆಸ್ಟ್ರೇಲಿಯಾ ಆಗಿಬಿಟ್ಟವು. ಅವ್ವ ನಗುವುದನ್ನೇ ಬಿಟ್ಟಳು. ಅದನ್ನು ನೋಡಿಕೊಂಡು ಸುಮ್ಮನಿರುವ ಸ್ವಭಾವ ನನ್ನದಲ್ಲ.

ಫೋನಿನಲ್ಲಿ ಸಿಗುವ ಚೌಕಾಬಾರ ಹಾಕಿಕೊಟ್ಟೆ. ನಡುನಡುವೆ ಜಾಹೀರಾತು ಬಂದು ಅವ್ವ ಅದನ್ನೇ ಒತ್ತಿ, ಯಾರೋ ಫೋನು ಮಾಡಿ ಅವಳಿಗೆ ಸೈಟು ಮಾರಲು ಶುರುಮಾಡಿದರು. ನನಗೆ ರೇಗಿತು. ನಾನೇ ಮಾಡುತ್ತೇನೆ, ಏನು ಮಹಾ ಎಂದುಕೊಂಡೆ. ನಲವತ್ತೆಂಟನೇ ವಯಸ್ಸಿಗೆ ಹುಟ್ಟಿದ ಹಟ.

ಕಾಲೇಜಿನ ಲೈಬ್ರರಿಯಲ್ಲಿ ಕಂಪ್ಯೂಟರ್ ಪುಸ್ತಕಗಳದ್ದು ಯಾರೂ ಮುಟ್ಟದ ಕಪಾಟು. ಅಲ್ಲಿ ವೆಬ್ ಪುಟದಲ್ಲಿ ಚಿತ್ರ ಕುಣಿಸುವುದನ್ನು, ಮುಟ್ಟಿದರೆ ಮಾತಾಡಿಸುವುದನ್ನು ಕಲಿಸುವ ದಪ್ಪ ಪುಸ್ತಕವೊಂದು ಸಿಕ್ಕಿತು. ಇಟ್ಟಿಗೆಯಷ್ಟು ತೂಕ, ಹಿಂದಿನ ರಟ್ಟಿಗೆ ಅಂಟಿಸಿದ ಲಕೋಟೆಯಲ್ಲಿ ಒಂದು ಸಿ.ಡಿ. ಬೇಸಿಗೆ ರಜೆ. ಪೆನ್ಸಿಲ್ ಹಿಡಿದು ನೆಲದ ಮೇಲೆ ಕೂತು ಓದಿದೆ, ಗೀಟು ಹಾಕಿದೆ, ಅರ್ಥವಾಗದ ಕಡೆ ಲೇಖಕರಿಗೆ ಬೈದೆ. ಅರ್ಧ ಪುಸ್ತಕ ದಾಟಿದ ಮೇಲೆ ನಮ್ಮ ಕಂಪ್ಯೂಟರ್ ಮೇಷ್ಟ್ರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಪುಟ ತಿರುವಿ, ಪಾಪ, ನಗು ತಡೆದುಕೊಂಡು ಹೇಳಿದರು: “ಮೇಡಂ, ಈ ವಿದ್ಯೆ ಈಗ ಯಾವ ಬ್ರೌಸರಲ್ಲೂ ನಡೆಯಲ್ಲ. ಇದು ಹೋಗಿ ವರ್ಷಗಳಾಯ್ತು.”

ತೀರಿಹೋದವರ ಜಾತಕ ಹಿಡಿದು ಹೆಣ್ಣು ಕೇಳಲು ಹೋದ ಹಾಗಾಯಿತು ನನ್ನ ಕತೆ. ಆ ಸಂಜೆ ಅಡುಗೆಮನೆಯಲ್ಲಿ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು.

ಮುಂದಿನ ವಾರ ಮೈಸೂರಿಗೆ ಹೋಗಿ ಹೊಸದಾಗಿ ಬಂದ ಇನ್ನೊಂದು ಪುಸ್ತಕ ತಂದೆ. ಇದು ತೆಳ್ಳಗಿತ್ತು, ಮಾತೂ ಸಲೀಸು. ಮೊದಲ ಪಾಠ, ಒಂದು ಚೆಂಡನ್ನು ನೆಗೆಯಿಸುವುದು. ವಿಚಿತ್ರವೆಂದರೆ ಸತ್ತ ಪುಸ್ತಕದಲ್ಲಿ ಕಲಿತದ್ದೆಲ್ಲ ಇಲ್ಲಿ ಕೈಹಿಡಿಯಿತು: ಯಾವುದರ ಹಿಂದೆ ಯಾವುದು ಬರಬೇಕು, ಬೆರಳು ಮುಟ್ಟಿದಾಗ ಏನಾಗಬೇಕು, ಎತ್ತಿದಾಗ ಏನಾಗಬೇಕು. ಹಳೆಯ ಪುಸ್ತಕಕ್ಕೆ ಬೈದದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸ್ಸು ತೆಗೆದುಕೊಂಡೆ. ಚೆಂಡಿಗೆ ಹಳದಿ ಬಣ್ಣ ಕೊಟ್ಟೆ. ಅದು ಪರದೆಯ ತಳಕ್ಕೆ ಬಿದ್ದು ಪುಟಕ್ಕನೆ ನೆಗೆದಾಗ ನಾನು ಕೂಗಿಕೊಂಡ ರಭಸಕ್ಕೆ ಅವ್ವ ಕೋಲು ಊರಿಕೊಂಡು ಬಂದಳು.

“ಇದ್ಯಾಕವ್ವ ನಿಂಬೆಅಣ್ಣು ಇಂಗೆ ಎಗರ್ತದೆ? ಸುಮ್ಕೆ ನಿಂತ್ಕಳಕ್ಕೆ ಯೋಳು,” ಎಂದಳು.

ಅದನ್ನು ನಿಲ್ಲಿಸುವುದು ಎರಡನೇ ಪಾಠದಲ್ಲಿತ್ತು.

ಕಾಲೇಜು ಶುರುವಾಗುವ ಹೊತ್ತಿಗೆ ಚೌಕಾಬಾರ ಸಿದ್ಧವಾಯಿತು. ಕಪ್ಪು ಕಲ್ಲಿನ ಮೇಲೆ ಬಿಳಿ ಗೀರು, ಗಲಗಲ ಅಲ್ಲಾಡಿ ಬೀಳುವ ಕವಡೆ, ಹುಣಸೆಬೀಜ, ಹಸಿರು ಬಳೆಚೂರು. ಎರಡು ಫೋನುಗಳನ್ನು ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು ಮೇಷ್ಟ್ರ ಹತ್ತಿರ ಹೇಳಿಸಿಕೊಂಡು ಮಾಡಿದೆ. ಪುಸ್ತಕದಲ್ಲಿ ಒಂದು ಅಧ್ಯಾಯ ಪೂರ್ತಿ ಒಂದೇ ಉಪದೇಶ: ಬಳಸುವವರನ್ನು ನಂಬಬೇಡಿ, ಅವರು ಮಾಡುವ ಪ್ರತಿಯೊಂದನ್ನೂ ಪರೀಕ್ಷಿಸಿ. ನಾನು ಮೊದಲೇ ಮೇಷ್ಟರಗಿತ್ತಿ. ಆ ಅಧ್ಯಾಯವನ್ನು ಶ್ರದ್ಧೆಯಿಂದ ಪಾಲಿಸಿದೆ. ಮೂರು ಬಿದ್ದರೆ ಮೂರೇ ಮನೆ. ನಾಲ್ಕನೆಯದಕ್ಕೆ ಎಳೆದರೆ ಕಾಯಿ ಜಾರಿ ಹಿಂದಕ್ಕೆ ಬಂದು, ‘ತಪ್ಪು ನಡೆ’ ಎಂದು ಕೆಂಪಕ್ಷರ ಮೂಡುತ್ತಿತ್ತು. ಆ ಕೆಂಪಕ್ಷರ ಮಿನುಗುವ ಹಾಗೆ ಮಾಡಿದ್ದೇ ನನಗೊಂದು ಜಂಬ.

ದೊಡ್ಡವ್ವನ ಸೊಸೆ ಅಲ್ಲಿ ತನ್ನ ಫೋನು ಹಿಡಿಸಿ ಕೂರಿಸಿದಳು, ನಾನು ಇಲ್ಲಿ ಅವ್ವನನ್ನು ಕೂರಿಸಿದೆ. ಆಡುತ್ತಾ ಮಾತಾಡಿಕೊಳ್ಳಲಿ ಎಂದು ಎರಡೂ ಕಡೆ ಸ್ಪೀಕರ್ ಹಾಕಿಟ್ಟೆವು. ಮೊದಲ ಮಧ್ಯಾಹ್ನ ಇಬ್ಬರಿಗೂ ಬೆರಗು. ಎರಡನೇ ದಿನ ಆಡಿದರು. ಆದರೆ ಸದ್ದೇ ಇಲ್ಲ. ಗರ ಹಾಕುವುದು, ಕಾಯಿ ನಡೆಸುವುದು, ಬ್ಯಾಂಕಿನ ಕ್ಯೂನಲ್ಲಿ ನಿಂತವರ ಮುಖ. ವಾರ ಕಳೆಯುವುದರೊಳಗೆ ದೊಡ್ಡವ್ವನಿಗೆ ಕಣ್ಣುರಿ ಬಂತು, ಅವ್ವನಿಗೆ ತಲೆನೋವು ಬಂತು. ಫೋನು ಮತ್ತೆ ದಿಂಬಿನ ಪಕ್ಕ, ಅವ್ವನ ಮುಖ ಮತ್ತೆ ಗೋಡೆಯ ಕಡೆ.

ರಜೆಯೆಲ್ಲ ಬೆವರು ಸುರಿಸಿದ್ದು ನೀರಿನಲ್ಲಿ ಹೋಮ ಆಯಿತಲ್ಲ ಎಂದು ಹೊಟ್ಟೆ ಉರಿಯಿತು, ಅಳುವೂ ಬಂತು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಜಗಳ ಕಾಯುವುದಕ್ಕೆಂದೇ ನರಸೀಪುರಕ್ಕೆ ಹೋದೆ.

ದೊಡ್ಡವ್ವ ಜಗಲಿಯಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. “ಕಣ್ಣುರಿ ಅಂದ್ಯಲ್ಲ ದೊಡ್ಡವ್ವ, ಕಾಳಲ್ಲಿರೋ ಉಳ ಚೆನ್ನಾಗಿ ಕಾಣ್ತದಲ್ಲ?” ಎಂದೆ.

ಅವಳು ನಗಲಿಲ್ಲ. ಸೊಸೆಯ ಫೋನು ತರಿಸಿ ಆಟ ತೆಗೆಸಿದಳು. ಕವಡೆ ಎರಡು ಬಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಾ, ಹಸ್ತವನ್ನು ಕೊಂಚ ಓರೆ ಮಾಡಿ, ಕಿರುಬೆರಳಿನಿಂದ ಬಳೆಚೂರನ್ನು ಮೂರು ಮನೆ ತಳ್ಳಿದಳು. ಕಾಯಿ ಜಾರಿ ಹಿಂದೆ ಬಂತು. ‘ತಪ್ಪು ನಡೆ’ ಮಿನುಗಿತು.

“ನೋಡ್ದಾ? ಇದ್ಯಾರವ್ವ ನನ್ಗೆ ತಪ್ಪು ಅನ್ನಕ್ಕೆ? ಅನ್ನೋದಾದ್ರೆ ಅವ್ಳು ಅನ್ಲಿ.”

ದೊಡ್ಡವ್ವ ಬಿಡಲಿಲ್ಲ. “ನಾನು ಒಂದ್ಮನೆ ಎಚ್ಗೆ ಓಗ್ಬೇಕು, ಅವ್ಳು ಇಡೀಬೇಕು. ನಾನು ಇಲ್ಲ ಅನ್ಬೇಕು, ಅವ್ಳು ಅವ್ವನಾಣೆ ಮಾಡು ಅನ್ಬೇಕು. ಅದ್ನೆಲ್ಲ ತಗ್ದಾಕ್ಬುಟ್ಟು ಬರೀ ಕವಡೆ ಮಡಗಿದ್ಯಲ್ಲ, ಇದನ್ನ ಆಟ ಅಂತಾರಾ?”

ಅದೇ ಜಗಲಿಯಲ್ಲಿ ನಾನು ಬೆಳೆದಿದ್ದೆ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕಾಯಿ ಜರುಗುವುದನ್ನು, ಬೀದಿಯಲ್ಲಿ ಹೋಗದೇ ಇರುವ ಬಳೆಗಾರನನ್ನು ದೊಡ್ಡವ್ವ ಕೂಗಿ ತೋರಿಸುವುದನ್ನು, ಅವ್ವ ಅವಳ ಮಣಿಕಟ್ಟು ಹಿಡಿದು “ಬುಡು ಬುಡು, ಎಲ್ಲಿತ್ತು ಅಲ್ಲೇ ಮಡಗು” ಎನ್ನುವುದನ್ನು ದಿನವೂ ನೋಡಿದ್ದೆ. ಗೆದ್ದವರು ಯಾರೆಂದು ಒಂದು ದಿನವೂ ಕೇಳಿದ್ದು ನೆನಪಿಲ್ಲ. ಜಗಳ ಮಾತ್ರ ಮೂಲೆಮನೆಯವರೆಗೂ ಕೇಳಿಸುತ್ತಿತ್ತು. ಇಷ್ಟೆಲ್ಲ ನೋಡಿಯೂ ನಾನು ಪುಸ್ತಕದ ಮಾತು ಕೇಳಿ ಆಟದ ಜೀವವನ್ನೇ ತೆಗೆದಿದ್ದೆ. ಅಲ್ಲೇ ಕೂತು ಅಲಸಂದೆಕಾಯಿ ಸುಲಿಯುತ್ತಾ ಹೊಟ್ಟೆ ಹಿಡಿದು ನಕ್ಕೆ. ದೊಡ್ಡವ್ವ ನನಗೆ ಹುಚ್ಚು ಹಿಡಿಯಿತೆಂದುಕೊಂಡಳು.

ನಂಜನಗೂಡಿಗೆ ವಾಪಸ್ಸು ಬಂದವಳೇ ಲ್ಯಾಪ್‌ಟಾಪ್ ತೆಗೆದೆ. ನಡೆ ಸರಿಯೋ ತಪ್ಪೋ ಎಂದು ನೋಡುವ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಅಳಿಸಿದೆ. ಯಾವ ಕಾಯಿಯನ್ನು ಯಾರು ಬೇಕಾದರೂ, ಎಲ್ಲಿಗೆ ಬೇಕಾದರೂ ಎಳೆಯಬಹುದು. ಕಂಪ್ಯೂಟರ್ ಬಾಯಿ ಮುಚ್ಚಿಕೊಂಡಿರಬೇಕು. ಮಿನುಗುವ ಕೆಂಪಕ್ಷರವನ್ನು ಅಳಿಸುವಾಗ ಮಾತ್ರ ಸ್ವಲ್ಪ ಸಂಕಟವಾಯಿತು, ನಿಜ ಹೇಳುತ್ತೇನೆ. ಅದರ ಬದಲು ಕಾಯಿ ಸರಿಯುವಾಗ ಕಲ್ಲಿನ ಮೇಲೆ ಬಳೆಚೂರು ಉಜ್ಜಿದಷ್ಟೇ ಸಣ್ಣ ಸದ್ದು ಸೇರಿಸಿದೆ. ಕಿವಿ ಚುರುಕಾಗಿದ್ದವರು ಹಿಡಿದುಕೊಳ್ಳಲಿ. ಈ ಕೆಲಸಕ್ಕೆ ಎರಡು ಪುಸ್ತಕದಲ್ಲೂ ಪಾಠವಿರಲಿಲ್ಲ.

ಮರುದಿನ ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಮತ್ತೆ ಎರಡೂ ಕಡೆ ಆಟ, ಸ್ಪೀಕರ್ ಹಾಕಿಸಿ ಏನೂ ಹೇಳದೆ ಉತ್ತರಪತ್ರಿಕೆ ತಿದ್ದುವವಳ ಹಾಗೆ ಕೂತೆ. ಸ್ವಲ್ಪ ಹೊತ್ತು ಕವಡೆಯ ಸದ್ದು. ಆಮೇಲೆ ಅವ್ವ ತಲೆ ಎತ್ತಿದಳು.

“ಅಕ್ಕಾ, ಆ ಕಾಯಿ ಅಲ್ಲಿರ್ಲಿಲ್ಲ.”

“ಯಾವ್ ಕಾಯಿ?”

“ಯಾವ್ ಕಾಯಿ ಅಂತೀಯ? ಕಟ್ಟೆಮನೆ ದಾಟಿ ಕೂತದಲ್ಲ, ಅದು! ಮಾಡು ಅವ್ವನಾಣೆ!”

“ಇಷ್ಟಕ್ಕೆಲ್ಲ ಅವ್ವನ್ನ ಯಾಕಮ್ಮಿ ಕರೀತೀಯ? ನಿನ್ ಮಗಳ್ ಕಂಪ್ಯೂಟ್ರು ಸರಿಗಿಲ್ಲ!”

ನನ್ನ ಕೈಯಲ್ಲಿನ ಕೆಂಪು ಪೆನ್ನು ನಿಂತೇ ಹೋಯಿತು. ಮನೆ ತುಂಬ ನರಸೀಪುರದ ಜಗಲಿಯ ಗಲಾಟೆ. ಕೇಳುತ್ತಾ ಕೇಳುತ್ತಾ ನನಗೆ ಎಷ್ಟು ಸಂತೋಷವಾಯಿತೆಂದರೆ, ಯಾವನೋ ಹುಡುಗ ಹೃದಯದಲ್ಲಿ ಐದು ಕೋಣೆ ಬರೆದಿದ್ದಕ್ಕೂ ಅರ್ಧ ಅಂಕ ಕೊಟ್ಟೆ.

ಅಷ್ಟರಲ್ಲಿ ದೊಡ್ಡವ್ವ “ತಡಿ, ಆಲು ಉಕ್ತದೆ, ನೋಡ್ಕಂಡ್ ಬತ್ತೀನಿ” ಎಂದು ಎದ್ದು ಹೋದಳು. ಅವ್ವ ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರೆಂದು ಸನ್ನೆ ಮಾಡಿ, ತನ್ನ ಹುಣಸೆಬೀಜವನ್ನು ಮೆಲ್ಲಗೆ ಎರಡು ಮನೆ ಮುಂದಕ್ಕೆ ಜರುಗಿಸಿದಳು. ಜನ್ಮವಿಡೀ ತಾನು ಒಂದು ಮನೆಯೂ ಕದ್ದವಳಲ್ಲ ಎಂದು ಹೇಳಿಕೊಂಡು ಬಂದ ನಮ್ಮವ್ವ!

ಫೋನಿನಿಂದ ದೊಡ್ಡವ್ವನ ದನಿ ಬಂತು. “ಕಳ್ಳಿ! ಆಲೂ ಇಲ್ಲ, ಒಲೆನೂ ಅಚ್ಚಿಲ್ಲ. ಇಲ್ಲೇ ಕೂತಿದ್ದೆ ಕಣಮ್ಮಿ, ನೀನೇನ್ ಮಾಡ್ತೀಯ ಅಂತ ನೋಡಕ್ಕೆ!”

ಅವ್ವ ದಿಂಬಿಗೆ ಒರಗಿ ನಕ್ಕಳು. ಕಣ್ಣಲ್ಲಿ ನೀರು ಬರುವ ಹಾಗೆ, ಉಸಿರು ಕಟ್ಟುವ ಹಾಗೆ, ಬಿದ್ದ ದಿನದಿಂದ ನಗದಿದ್ದದ್ದನ್ನೆಲ್ಲ ಸೇರಿಸಿ ನಕ್ಕಳು.

“ಅಯ್ಯೋ, ನಗಿಸ್ಬ್ಯಾಡ ಕಣಕ್ಕ, ಸೊಂಟ ನೋಯ್ತದೆ.”

“ಮೊದ್ಲು ಕಾಯಿ ಎಲ್ಲಿತ್ತು ಅಲ್ಲೇ ಮಡಗು,” ಎಂದಳು ದೊಡ್ಡವ್ವ. “ಆಮೇಲ್ ನಗೀವಂತೆ.”