ನೆಟ್ಟಗಾದ ಸ್ಟೇರಿಂಗು

ನಮ್ಮ ಮನೆಯಲ್ಲಿ ಯಾರ ಹಣೆಯ ವಿಭೂತಿ ಓರೆಯಾದರೂ ನಡೆದೀತು, ಲಾರಿಯದು ಓರೆಯಾಗುವಂತಿಲ್ಲ. ಪ್ರತಿ ಸೋಮವಾರ ನನ್ನ ಹೆಂಡತಿ ಸ್ಟೇರಿಂಗಿನ ನಟ್ಟನಡುವೆ, ಹಾರನ್ ಗುಂಡಿಯ ಮೇಲೆ, ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಾಳೆ. ಹಾರನ್ ಒತ್ತಿದಾಗಲೆಲ್ಲ ಡ್ರೈವರನ ಅಂಗೈಗೆ ಒಂದಿಷ್ಟು ಪುಣ್ಯ ಅಂಟಲಿ ಎಂಬುದು ಅವಳ ಲೆಕ್ಕಾಚಾರ.

ಡ್ರೈವರ್ ಎಂದರೆ ಹೊರಗಿನವನಲ್ಲ, ಅವಳ ತಮ್ಮನೇ. ತುರುವೇಕೆರೆ ಕಡೆಯ ತೋಟಗಳಿಂದ ಕೊಬ್ಬರಿ ಚೀಲ ತುಂಬಿಕೊಂಡು ತಿಪಟೂರಿನ ಮಾರುಕಟ್ಟೆಗೆ ಇಳಿಸುವುದು ಅವನ ಕೆಲಸ. ಲಾರಿ ನನ್ನದು ಎಂದು ಎಲ್ಲರಿಗೂ ನೆನಪಿಸುತ್ತಿರುವುದು ನನ್ನ ಕೆಲಸ. ಹಿಂದೆ ಅವನು ಕುಡಿಯುತ್ತಿದ್ದ. ಅವನ ಹೆಂಡತಿ ಮಗಳನ್ನು ಕರೆದುಕೊಂಡು ಹುಳಿಯಾರಿನ ತವರಿಗೆ ಹೋಗಿ ಕೂತಿದ್ದಳು. ಅವನು ದೇವಸ್ಥಾನದಲ್ಲಿ ಕರ್ಪೂರ ಆರಿಸಿ ಆಣೆ ಮಾಡಿದ ಮೇಲೆ ವಾಪಸು ಬಂದಳು. ಬಂದವಳು ಹೊಸಿಲು ದಾಟುವ ಮೊದಲೇ ಹೇಳಿದ್ದಳು: "ಇನ್ನೊಂದ್ ಸಲ ಹೋದ್ರೆ ಯಾರ್ ಕರೆದ್ರೂ ಬರಾಕಿಲ್ಲ." ಅಂದಿನಿಂದ ಅವನು ಕುಡಿದಿರಲಿಲ್ಲ.

ಈ ಬೇಸಿಗೆಯಲ್ಲಿ ಲಾರಿಯ ಸ್ಟೇರಿಂಗ್ ಸಡಿಲವಾಗಿ ಅಲ್ಲಾಡತೊಡಗಿತು. ತಿಪಟೂರಿನ ಗ್ಯಾರೇಜಿಗೆ ಬಿಟ್ಟೆವು. ಸ್ಟೇರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ರಾಡು, ಅದರ ತುದಿಯ ಜಾಯಿಂಟುಗಳು, ಎಲ್ಲ ಹೊಸದಾದವು. ಮೇಸ್ತ್ರಿ ಇನ್ನೊಂದು ದಿನ ಕೇಳಿದ. ನಾನು ಮಾರುಕಟ್ಟೆಯ ದಿನ ತಪ್ಪುತ್ತದೆಂದು ಅವಸರ ಮಾಡಿ ಲಾರಿ ಬಿಡಿಸಿಕೊಂಡೆ. ಅವನು ಕೈ ಒರೆಸಿಕೊಳ್ಳುತ್ತ, "ಯಜಮಾನ್ರೇ, ಇನ್ನೂ ಸೆಂಟರ್ ಮಾಡಿಲ್ಲ. ಸ್ಟೇರಿಂಗ್ ಓರೆ ನಿಂತ್ರೆ ಅದನ್ನ ಕೀಳಕ್ಕೋಗ್ಬೇಡಿ, ಇಲ್ಲಿಗೇ ತನ್ನಿ. ರಾಡಲ್ಲಿ ಸರಿ ಮಾಡ್ಬೇಕು" ಎಂದ. ನಾನು ಗಂಭೀರವಾಗಿ ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಮೂರು ತಾಲ್ಲೂಕಿನಲ್ಲಿಲ್ಲ.

ಲಾರಿ ನೆಟ್ಟಗೆ ಓಡುತ್ತಿತ್ತು, ಸ್ಟೇರಿಂಗ್ ಮಾತ್ರ ಎಡಕ್ಕೆ ವಾಲಿ ನಿಂತಿತು. ಸೋಮವಾರ ನನ್ನ ಹೆಂಡತಿ ವಿಭೂತಿ ಎಳೆಯಲು ಕ್ಯಾಬಿನ್ ಹತ್ತಿದವಳು ಕೈ ತಡೆದಳು.

"ಇದೇನ್ರೀ, ಶಿವ ಕತ್ತು ಉಳುಕಿಸ್ಕೊಂಡ್ ಕೂತವ್ನೆ?"

"ಅಕ್ಕ, ಗ್ಯಾರೇಜಿಗೆ ಹೋಗ್ಬೇಕು ಕಣೇ" ಎಂದ ಭಾವಮೈದ. "ಭಾವ, ನಾಳೆ ಹೋಗಿ ಬಂದ್ಬುಡಣ. ಎಡಕ್ಕೆ ಯಾಕೋ ಪೂರ್ತಿ ತಿರುಗ್ದಂಗೆ ಕಾಣ್ತದೆ."

"ಒಂದು ನಟ್ಟಿನ ಕೆಲ್ಸಕ್ಕೆ ತಿಪಟೂರಿಗೆ ಹೋಗ್ಬೇಕಾ?" ಎಂದು ನಾನು ಪಾನಾ ತರಿಸಿದೆ. ಮನೆಮಂದಿಯೆಲ್ಲ ನೆರೆದರು. ನಡುವಿನ ನಟ್ಟು ಬಿಚ್ಚಿ, ಸ್ಟೇರಿಂಗ್ ಕಿತ್ತು, ವಿಭೂತಿಯ ಪಟ್ಟೆ ಸೂತ್ರ ಹಿಡಿದಂತೆ ಅಡ್ಡಲಾಗಿ ಬರುವ ಹಾಗೆ ಕೂರಿಸಿ ಬಿಗಿದೆ. ಮನೆತನದ ಗೌರವ ಉಳಿಯಿತು ಎಂಬರ್ಥದ ನಾಲ್ಕು ಮಾತನ್ನೂ ಆಡಿದೆ. ಭಾವಮೈದ, "ನಿಮ್ಮಿಷ್ಟ ಭಾವ" ಎಂದು ಪಾನಾ ಒರೆಸಿ ಒಳಗಿಟ್ಟ.

ನಮ್ಮೂರಿಂದಾಚೆ ಎರಡು ತೋಟಗಳ ನಡುವಿನ ಓಣಿ ಮೋರಿಯ ಹತ್ತಿರ ಎಡಕ್ಕೆ ಹೊರಳುತ್ತದೆ. ಅವನು ಅದನ್ನು ಒಂದೇ ಬೀಸಿಗೆ ತಿರುಗಿಸಿಕೊಂಡು ಬರುತ್ತಿದ್ದ. ಈಗ ಹಿಂದೆ ಮುಂದೆ ಮಾಡತೊಡಗಿದ. ಚೀಲ ತುಂಬುವ ಆಳುಗಳಿಗೆ ಪುಕ್ಕಟೆ ನಾಟಕ. ಕೊನೆಗೊಂದು ಬೆಳಿಗ್ಗೆ ತುಂಬಿದ ಲಾರಿ ಬೇಲಿಯ ಕಲ್ಲುಕಂಬವನ್ನು ಕೆಡವಿತು.

"ಅಣ್ಣ ಬೆಳಬೆಳಿಗ್ಗೇನೇ ಹಾಕ್ಕೊಂಡವ್ನೆ ಕಣ್ಲಾ" ಎಂದನಂತೆ ಒಬ್ಬ.

"ಇಲ್ಲ ಕಣ್ರಯ್ಯ, ಸ್ಟೇರಿಂಗ್ ಬತ್ತಾ ಇಲ್ಲ" ಎಂದನಂತೆ ಇವನು.

ಅವರು ಹತ್ತಿ ನೋಡಿದರು. ಸ್ಟೇರಿಂಗ್ ನೆಟ್ಟಗಿತ್ತು. ನಾನು ಅಷ್ಟು ಚೆನ್ನಾಗಿ ಕೂರಿಸಿದ್ದೆ. ಅವನ ಪರವಾಗಿ ಇದ್ದ ಒಂದೇ ಸಾಕ್ಷಿ ಆ ಓರೆ. ಅದನ್ನು ನನ್ನ ಕೈಯಾರೆ ಅಳಿಸಿದ್ದೆ.

ಲಾರಿಗಿಂತ ಮೊದಲು ಸುದ್ದಿ ಮನೆ ಸೇರಿತು. ಅಂದು ಅವನ ಮಗಳ ಹುಟ್ಟುಹಬ್ಬ, ನಮಗೂ ಅವನ ಮನೆಯಲ್ಲೇ ಊಟ. ಅವನು ಕೈಕಾಲು ತೊಳೆದು ಬಂದು ಎಲೆಯ ಮುಂದೆ ಕೂರುವಷ್ಟರಲ್ಲಿ ನನ್ನ ಹೆಂಡತಿ ಅಡ್ಡ ನಿಂತಳು.

"ಬಾಯಿ ತೆಗಿಯೋ."

"ಅಕ್ಕ, ಮಗಿ ಮುಂದೆ..."

"ತೆಗಿ ಅಂದೆ."

ಅವನು ಬಾಯಿ ತೆರೆದು ಉಸಿರು ಬಿಟ್ಟ. ಅವಳು ಮೂಸಿದಳು. ಅವನ ಹೆಂಡತಿಯೂ ಬಂದು ಮೂಸಿ, "ಏಲಕ್ಕಿ ಜಗಿದವ್ನೆ" ಎಂದಳು. ಅವನು ದಿನವೂ ಏಲಕ್ಕಿ ಜಗಿಯುತ್ತಾನೆ, ಬೀಡಿ ಬಿಡಲೆಂದು ಹಿಡಿದ ಚಟ. ಅದನ್ನು ಹೇಳಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ಪಕ್ಕದ ಎಲೆಯ ಮುಂದೆ ಕೂತಿದ್ದ ನಾನು, ಎಲ್ಲ ಗೊತ್ತಿದ್ದ ನಾನು, ಏನು ಮಾಡಿದೆ? ಪಂಚಾಯ್ತಿಯ ಹಿರಿಯನಂತೆ ನಾನೂ ಒಂದಿಷ್ಟು ಬಗ್ಗಿ ಮೂಸಿದೆ. ಮೂಸಿ, ತೀರ್ಪು ಕಾಯ್ದಿರಿಸಿದವನ ಹಾಗೆ ಸುಮ್ಮನೆ ಕೂತೆ. ಹೊರಡುವಾಗ ನೋಡಿದರೆ ಒಳಕೋಣೆಯಲ್ಲಿ ಅವನ ಹೆಂಡತಿ ಮಗಳ ಬಟ್ಟೆ ಮಡಿಸಿ ಬ್ಯಾಗಿಗೆ ಹಾಕುತ್ತಿದ್ದಳು.

ಬೆಳಿಗ್ಗೆ ಎದ್ದವನೇ ಅವನನ್ನು ಎಬ್ಬಿಸಿಕೊಂಡು ತಿಪಟೂರಿಗೆ ಹೊರಟೆ. ಅವನ ಹೆಂಡತಿ ಹುಳಿಯಾರಿನ ಬಸ್ಸು ಹತ್ತುವ ಮೊದಲೇ ವಾಪಸಾಗಬೇಕಿತ್ತು.

ಮೇಸ್ತ್ರಿ ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ ಸ್ಟೇರಿಂಗ್ ತಿರುಗಿಸಿ ನೋಡಿದ. ಬಲಕ್ಕೆ ಸಲೀಸಾಗಿ ಸುತ್ತಿತು, ಎಡಕ್ಕೆ ಬೇಗ ಕಚ್ಚಿಕೊಂಡು ನಿಂತಿತು.

"ಕಿತ್ತವ್ರು ಯಾರು?"

ಭಾವಮೈದ ತನ್ನ ಚಪ್ಪಲಿ ನೋಡಿಕೊಂಡ. "ನಾನೇ" ಎಂದೆ.

"ಹೇಳಿದ್ನಲ್ಲ ಯಜಮಾನ್ರೇ" ಎಂದು ಕೆಲಸ ಹಿಡಿದ. ರಾಡು ಬಿಚ್ಚಿದ. ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಸುತ್ತು ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿದ. ಅದು ಬಾಕ್ಸಿನ ನಡು. ಇಷ್ಟು ದಿನ ಚಕ್ರ ನೆಟ್ಟಗಿದ್ದಾಗಲೇ ಬಾಕ್ಸು ಎಡಕ್ಕೆ ತಿರುಗಿ ನಿಂತಿತ್ತು, ಹಾಗಾಗಿ ಎಡಕ್ಕೆ ಇನ್ನಷ್ಟು ತಿರುಗಲು ಜಾಗ ಉಳಿದಿರಲಿಲ್ಲ. ಅಲ್ಲಿ ಸ್ಟೇರಿಂಗನ್ನು ನೆಟ್ಟಗೆ ಕೂರಿಸಿ, ಚಕ್ರಗಳನ್ನೂ ನೆಟ್ಟಗೆ ಹಿಡಿಸಿ, ರಾಡಿನ ತುದಿ ತಿರುವಿ ಉದ್ದ ಹೊಂದಿಸಿ ಬಿಗಿದ. ಈಗ ಎರಡೂ ಕಡೆ ಸಮನಾಗಿ ತಿರುಗಿತು. ನಾನು ಕೈಯಲ್ಲಿ ಟೀ ಹಿಡಿದು ನಿಂತಿದ್ದೆ. ಅದು ಆರಿದ್ದೂ ತಿಳಿಯಲಿಲ್ಲ.

ವಾಪಸು ಬರುವಾಗ ಅವನು ರಸ್ತೆ ನೋಡುತ್ತಲೇ ಕೇಳಿದ:

"ಅಕ್ಕ ಮೂಸಿದ್ಲು, ಬುಡಿ. ನನ್ ಹೆಂಡ್ತಿ ಮೂಸಿದ್ಲು, ಅವ್ಳು ಪಟ್ಟಿರೋ ಕಷ್ಟಕ್ಕೆ ಮೂಸ್ಲಿ. ನೀವ್ಯಾಕ್ ಬಗ್ಗಿದ್ರಿ ಭಾವ?"

ನಾನು ಕಿಟಕಿಯ ಗಾಜು ಇಳಿಸಿದೆ, ಮತ್ತೆ ಏರಿಸಿದೆ.

"ಅವ್ಳಿಗೆ ನೀವೇ ಹೇಳಿ. ನಾನ್ ಹೇಳಿದ್ರೆ ಕುಡುಕನ್ ಮಾತಾಯ್ತದೆ."

ಅವನ ಮನೆ ಮುಂದೆ ಇಳಿದಾಗ ಬ್ಯಾಗು ಜಗುಲಿಯ ಮೇಲಿತ್ತು. ಅವನ ಹೆಂಡತಿ ಮಗಳಿಗೆ ಜಡೆ ಹಾಕುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಮೇಸ್ತ್ರಿ ಬೇಡವೆಂದದ್ದು, ನಾನು ಕಿತ್ತದ್ದು, ಕಂಬ ಬಿದ್ದದ್ದು ನನ್ನಿಂದಲೇ ಎಂಬುದು. ಅವಳು ಜಡೆಗೆ ಟೇಪು ಬಿಗಿದು ಮುಗಿಸುವವರೆಗೂ ತಲೆ ಎತ್ತಲಿಲ್ಲ.

"ಇದು ನಿಮಗೆ ನೆನ್ನೆ ಊಟಕ್ ಕೂತಾಗ್ಲೂ ಗೊತ್ತಿತ್ತಾ ಅಣ್ಣ?"

"ಗೊತ್ತಿತ್ತು ಕಣಮ್ಮ."

"ಒಬ್ಬಟ್ಟಿಗೆ ಇನ್ನೊಂದ್ ಚೂರು ತುಪ್ಪ ಹಾಕು ಅಂದ್ರಲ್ಲ, ಆಗ್ಲೂವಾ?"

ಗೊತ್ತಿತ್ತು. ನನ್ನ ಹೆಂಡತಿ ಆ ಹೊತ್ತಿಗೆ ಅಲ್ಲಿಗೆ ಬಂದಿದ್ದಳು. ನನ್ನನ್ನು ಒಮ್ಮೆ ನೋಡಿ ತಮ್ಮನ ಕಡೆ ನಡೆದಳು. ಅವನ ಹೆಂಡತಿ ಬ್ಯಾಗನ್ನು ಎತ್ತಿ ಒಳಗಿಟ್ಟು ಬಂದಳು.

"ನನಗೆ ಹೇಳಿದ್ರೆ ಮುಗೀಲಿಲ್ಲ ಅಣ್ಣ. ಓಣೀಲಿ ನಕ್ಕೋರಿಗೂ ಹೇಳ್ಬುಡಿ."

ಮರುದಿನ ಮೋರಿಯ ಹತ್ತಿರ ಭಾವಮೈದ ತುಂಬಿದ ಲಾರಿಯನ್ನು ಒಂದೇ ಬೀಸಿಗೆ ಎಡಕ್ಕೆ ತಿರುಗಿಸಿ ನಿಲ್ಲಿಸಿದ. ನಾನು ಬಿದ್ದ ಕಂಬದ ಪಕ್ಕ ನಿಂತು, ಗಂಟಲು ಸರಿಮಾಡಿಕೊಂಡು, ಆಳುಗಳೆದುರು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ನಿಂತವರು ನಿಂತ ಹಾಗೇ ಕೇಳಿದರು. ಆಮೇಲೆ ಹಿಂದಿನಿಂದ ಯಾರೋ, "ಹಂಗಾರೆ ಸ್ಟೇರಿಂಗ್ ಕೀಳೋವಾಗ ಹಾಕ್ಕೊಂಡಿದ್ದು ನೀವಾ ಯಜಮಾನ್ರೇ?" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು.

ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ನಾನು. ಹಾಗೆಂದು ಹೇಳಲು ಬಾಯಿ ತೆರೆದೆ. ಭಾವಮೈದ ಕ್ಯಾಬಿನ್ನಿನ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ, ನಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕಂಬದ ಒಂದು ತುದಿಗೆ ಕೈ ಹಾಕಿದೆ.